ಮನೆಮಂದಿಗೆಲ್ಲ ಕಜ್ಜಿ: ಐವರ್ಮೆಕ್ಟಿನ್ ಯಾರಿಗೆ, ಎಷ್ಟು? ದನದ ಇಂಜೆಕ್ಷನ್ ಕುಡಿಯಬಹುದಾ?

ಕೆರೆಏರಿ:

ಮನೆಯಲ್ಲಿ ಆರೂ ಜನಕ್ಕೆ ಕಜ್ಜಿ. ಚರ್ಮದ ಡಾಕ್ಟರು ಸ್ಕೇಬೀಸ್ ಅಂತ ಖಚಿತವಾಗಿ ಹೇಳಿ ಐವರ್ಮೆಕ್ಟಿನ್ ಮಾತ್ರೆ, ಪರ್ಮೆಥ್ರಿನ್ 5% ಕ್ರೀಮ್ ಬರೆದಿದ್ದಾರೆ. ಆದರೆ ಅವರು ನೋಡಿದ್ದು ನನ್ನೊಬ್ಬನನ್ನೇ. ಮನೆಯವರನ್ನೆಲ್ಲ ಕರ್ಕೊಂಡು ಮತ್ತೆ ಹೋಗುವ ಮೊದಲು ಏನೇನು ಕೇಳಬೇಕು ಅಂತ ತಿಳ್ಕೊಳ್ಳಬೇಕು.

ತೂಕ ಹೀಗಿದೆ: ನಾನು 66 ಕೆ.ಜಿ. ಅಪ್ಪ 72, ಹೃದಯದ ಕವಾಟ ಬದಲಿಸಿದೆ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಅಮ್ಮ 54, ಬೇರೆ ತೊಂದರೆ ಇಲ್ಲ. ಹೆಂಡತಿ 58, ಐದು ತಿಂಗಳ ಮಗುವಿಗೆ ಹಾಲು ಕೊಡ್ತಿದ್ದಾಳೆ. ಆ ಮಗು ಆರೂವರೆ ಕೆ.ಜಿ. ದೊಡ್ಡ ಮಗಳಿಗೆ 4 ವರ್ಷ, 14 ಕೆ.ಜಿ., ಅಂಗನವಾಡಿಗೆ ಹೋಗ್ತಾಳೆ. ಒಂದು 30 ಗ್ರಾಂ ಟ್ಯೂಬ್ ತಂದು ಎಲ್ಲರೂ ಹಚ್ಚಿಕೊಂಡೆವು, ಕಡಿಮೆ ಆಗಲಿಲ್ಲ.

ಗೊಂದಲ ನಾಲ್ಕು. ಮೆಡಿಕಲ್ ಶಾಪಿನಲ್ಲಿ ಬರೀ ಐವರ್ಮೆಕ್ಟಿನ್ ಇಲ್ಲ ಅಂತ ಅಲ್ಬೆಂಡಜೋಲ್ ಸೇರಿದ ಮಾತ್ರೆ ಕೊಟ್ಟಿದ್ದಾರೆ, ಎರಡೂ ಒಂದೇನಾ? ಪಕ್ಕದ ಮನೆಯವರು ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ನೇ ಅರ್ಧ ಮುಚ್ಚಳ ಕುಡಿ, ಇಲ್ಲಾಂದ್ರೆ ಎಣ್ಣೆಗೆ ಬೆರೆಸಿ ಮೈಗೆ ಸವರು ಅಂತಾರೆ, ಸರಿಯಾ? ನಾಯಿಗೂ ಕಿವಿ ಅಂಚಿನ ಕೂದಲು ಉದುರಿ ಒಂದೇ ಸಮ ಕೆರೆತ. ನಮಗೆ ಅದರಿಂದಲೇ ಬಂತಾ? ಕೊಟ್ಟಿಗೆಯಲ್ಲಿ ಕರೆಯುವ ಹಸು ಒಂದು, ಗಬ್ಬದ ಹಸು ಒಂದು, ಎರಡಕ್ಕೂ ಉಣ್ಣಿ. ಅವಕ್ಕೂ ಇದನ್ನೇ ಹಾಕಿಸಬಹುದಾ?

ತ್ವಚೆ ವೈದ್ಯೆ:

ಒಂದು ಟ್ಯೂಬನ್ನು ಆರು ಜನ ಹಂಚಿಕೊಂಡರೆ ಯಾರ ಕಜ್ಜಿಯೂ ಹೋಗಲ್ಲ. ಬೆಳೆದವರೊಬ್ಬರಿಗೇ ಒಂದು ಸಲಕ್ಕೆ 30 ಗ್ರಾಂ ಪೂರ್ತಿ ಬೇಕು. ಕಜ್ಜಿ ತಿಂಗಳುಗಟ್ಟಲೆ ಉಳಿಯುವ ಮನೆಗಳಲ್ಲಿ ತಪ್ಪಾಗಿರೋದು ಹೆಚ್ಚಾಗಿ ಇಷ್ಟೇ: ತುರಿಸಿದ ಜಾಗಕ್ಕೆ ಮಾತ್ರ ಹಚ್ಚಿರ್ತಾರೆ, ಒಬ್ಬೊಬ್ಬರು ಒಂದೊಂದು ದಿನ ಔಷಧ ತಗೊಂಡಿರ್ತಾರೆ, ಎರಡನೇ ಸುತ್ತು ಬಿಟ್ಟಿರ್ತಾರೆ.

ಎರಡನೇ ಸುತ್ತು ಯಾಕೆ ಬೇಕು ಅಂತ ಗೊತ್ತಾದರೆ ಯಾರೂ ಬಿಡಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಕಜ್ಜಿ ತರುವ ಹೆಣ್ಣು ಹುಳ ಅರ್ಧ ಮಿ.ಮೀ.ಗಿಂತ ಚಿಕ್ಕದು. ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ 2–3 ಮೊಟ್ಟೆ ಇಡುತ್ತೆ. ಮೊಟ್ಟೆ 3–4 ದಿನಕ್ಕೆ ಒಡೆಯುತ್ತೆ, ಮರಿ ಸುಮಾರು ಎರಡು ವಾರಕ್ಕೆ ಬೆಳೆದ ಹುಳ ಆಗುತ್ತೆ. ಐವರ್ಮೆಕ್ಟಿನ್ ಹುಳದ ನರ, ಸ್ನಾಯುಗಳ ಮೇಲಿರುವ ಕ್ಲೋರೈಡ್ ಬಾಗಿಲುಗಳನ್ನು ಮುಚ್ಚದ ಹಾಗೆ ಹಿಡಿದಿಟ್ಟು ಅದಕ್ಕೆ ಲಕ್ವ ಹೊಡೆಸುತ್ತೆ. ಆದರೆ ಮೊಟ್ಟೆಗೆ ಏನೂ ಮಾಡಲ್ಲ. ಮೊದಲ ದಿನ ಮೊಟ್ಟೆಯಾಗಿದ್ದದ್ದು ಹುಳವಾಗಿ ತಾನೇ ಮೊಟ್ಟೆ ಇಡುವ ಮೊದಲೇ ಎರಡನೇ ಡೋಸ್ ಬೀಳಬೇಕು. 7ರಿಂದ 14 ದಿನದ ಒಳಗೆ ಅನ್ನೋ ಲೆಕ್ಕ ಬಂದಿದ್ದು ಹೀಗೆ.

ಮಾತ್ರೆಯ ಅಳತೆ ಕೆ.ಜಿ.ಗೆ 200 ಮೈಕ್ರೋಗ್ರಾಂ, ಅಂದರೆ 0.2 ಮಿ.ಗ್ರಾಂ. 3, 6, 12 ಮಿ.ಗ್ರಾಂ ಮಾತ್ರೆಗಳು ಸಿಗುತ್ತವೆ. 51ರಿಂದ 65 ಕೆ.ಜಿ.ಗೆ 12 ಮಿ.ಗ್ರಾಂ, 66ರಿಂದ 79ಕ್ಕೆ 15 ಮಿ.ಗ್ರಾಂ. ನಿಮಗೆ 15, ಅಮ್ಮನವರಿಗೆ 12. ಒಂದೇ ಸಲಕ್ಕೆ, ಊಟದ ಜೊತೆ. ಕೊಬ್ಬಿನಂಶ ಇರುವ ಊಟದ ಜೊತೆ ತಗೊಂಡರೆ ಔಷಧ ರಕ್ತಕ್ಕೆ ಹೆಚ್ಚು ಸೇರಿ ಚರ್ಮಕ್ಕೂ ಹೆಚ್ಚು ಮುಟ್ಟುತ್ತೆ. ಕರುಳಿನ ಹುಳುವಿಗೆ ಕೊಡುವಾಗ ಖಾಲಿ ಹೊಟ್ಟೆಗೆ ಅಂತ ಪೊಟ್ಟಣದಲ್ಲಿ ಬರೆದಿರುತ್ತೆ. ಕಜ್ಜಿಗೆ ಆ ಮಾತು ಹಿಡಿಯಬೇಡಿ.

ಮಕ್ಕಳಿಬ್ಬರಿಗೂ ಮಾತ್ರೆ ಬೇಡ. 15 ಕೆ.ಜಿ. ಒಳಗಿನವರಲ್ಲಿ ಸುರಕ್ಷತೆ ಸಾಬೀತಾಗಿಲ್ಲ ಅಂತ ಔಷಧದ ಲೇಬಲ್ಲೇ ಹೇಳುತ್ತೆ. ನಿಮ್ಮ ಮಗಳು 14, ಒಂದೇ ಕೆ.ಜಿ. ಕಡಿಮೆ ತಾನೇ ಅಂತ ಮನೆಯಲ್ಲೇ ಮಾತ್ರೆ ಮುರಿದು ಕೊಡಬೇಡಿ. ಆ ವಯಸ್ಸಿಗೆ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತೆ. ಹಾಲೂಡಿಸುವ ತಾಯಿಗೂ ಕ್ರೀಮೇ ಸರಿ, ಗರ್ಭಿಣಿಯರಿಗೂ ಹಾಗೇ.

ನಿಮ್ಮ ತಂದೆಯವರ ವಿಷಯ ಬೇರೆ. ವಾರ್ಫರಿನ್ ತಗೊಳ್ಳುವವರಲ್ಲಿ ಐವರ್ಮೆಕ್ಟಿನ್ ಕೊಟ್ಟ ಮೇಲೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಅಳತೆ) ಏರಿದ ವರದಿಗಳಿವೆ. ಅಪರೂಪ ನಿಜ, ಆದರೆ ಕವಾಟ ಬದಲಿಸಿದವರಲ್ಲಿ ರಕ್ತ ಹೆಪ್ಪುಗಟ್ಟೋದು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅವರಿಗೂ ಕ್ರೀಮ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಮಾತ್ರೆಯೇ ಬೇಕು ಅಂತ ನಿಮ್ಮ ಡಾಕ್ಟರಿಗೆ ಅನ್ನಿಸಿದರೆ ಹೃದಯದ ಡಾಕ್ಟರಿಗೂ ತಿಳಿಸಿ, ಮಾತ್ರೆ ತಗೊಂಡ ವಾರದೊಳಗೆ ಐಎನ್‌ಆರ್ ಮಾಡಿಸಿ. ವಾರ್ಫರಿನ್ನನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಕ್ರೀಮಿನ ಲೆಕ್ಕ: 12 ವರ್ಷ ದಾಟಿದವರಿಗೆ ಒಂದು ಸಲಕ್ಕೆ 30 ಗ್ರಾಂ, 4 ವರ್ಷದ ಮಗುವಿಗೆ ಅದರ ಕಾಲು ಭಾಗ, 5 ತಿಂಗಳ ಕೂಸಿಗೆ ಎಂಟನೇ ಒಂದು ಭಾಗ. ಎರಡು ತಿಂಗಳು ತುಂಬದ ಶಿಶುವಿಗೆ ಇದು ಬೇಡ, ಅವರಿಗೆ ಗಂಧಕದ ಮುಲಾಮು ಕೊಡ್ತೀವಿ.

ಹಚ್ಚುವ ಕ್ರಮದಲ್ಲೇ ಅರ್ಧ ವಾಸಿ ಇದೆ. ಬಿಸಿನೀರಿನ ಸ್ನಾನ ಮುಗಿಸಿ ಹಸಿ ಮೈಗೆ ಹಚ್ಚೋದು ತಪ್ಪು. ಮೈ ಒಣಗಿ ತಣ್ಣಗಾಗಿರಬೇಕು. ಉಗುರು ಕತ್ತರಿಸಿ. ರಾತ್ರಿ ಮಲಗುವ ಮೊದಲು ಕಿವಿ ಹಿಂದಿನಿಂದ ಹಿಡಿದು ಕಾಲ್ಬೆರಳ ತುದಿವರೆಗೆ, ತುರಿಕೆ ಇರಲಿ ಬಿಡಲಿ, ಒಂದಂಗುಲ ಬಿಡದಂತೆ. ಜನ ಮರೆಯುವ ಜಾಗಗಳು ಯಾವಾಗಲೂ ಅವೇ: ಬೆರಳ ಸಂದಿ, ಉಗುರಿನ ಅಡಿ, ಹೊಕ್ಕಳ ಗುಳಿ, ಕಂಕುಳು, ಸ್ತನದ ಕೆಳಗಿನ ಮಡಿಕೆ, ಉಡಿದಾರದ ಕೆಳಗಿನ ಗೆರೆ, ಜನನಾಂಗ, ಪೃಷ್ಠದ ನಡುವಿನ ಸಂದು, ಅಂಗಾಲು. ಉಡಿದಾರ, ಬಳೆ, ಉಂಗುರ ತೆಗೆದಿಡಿ. ಕೂಸಿಗಾದರೆ ತಲೆ, ಮುಖಕ್ಕೂ ಹಚ್ಚಬೇಕು, ಕಣ್ಣು ಬಾಯಿ ಸುತ್ತ ಮಾತ್ರ ಬಿಟ್ಟು. ಅದು ಕೈ ಚೀಪುತ್ತೆ, ಆದ್ದರಿಂದ ಬಟ್ಟೆಯ ಕೈಗವಸು ತೊಡಿಸಿ. ರಾತ್ರಿ ನೀವು ಕೈ ತೊಳೆದರೆ ಕೈಗೆ ಮತ್ತೆ ಹಚ್ಚಲೇಬೇಕು, ಹುಳ ಹೆಚ್ಚು ಇರೋದೇ ಅಲ್ಲಿ. ನಿಮ್ಮ ಮನೆಯವರು ಹಾಲೂಡಿಸುವ ಮೊದಲು ತೊಟ್ಟು, ಅದರ ಸುತ್ತಲನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಹಾಲೂಡಿಸಿದ ಮೇಲೆ ಮತ್ತೆ ಹಚ್ಚಿಕೊಳ್ಳಲಿ. 8ರಿಂದ 14 ಗಂಟೆ ಬಿಟ್ಟು ಬೆಳಿಗ್ಗೆ ಸ್ನಾನ. ಒಂದು ವಾರ ಬಿಟ್ಟು ಇದೆಲ್ಲ ಮತ್ತೊಮ್ಮೆ.

ಬಟ್ಟೆಗೆ ಹುಚ್ಚು ಹಿಡಿದ ಹಾಗೆ ಒದ್ದಾಡಬೇಕಿಲ್ಲ. ಮೈ ಬಿಟ್ಟ ಹುಳ 2–3 ದಿನಕ್ಕಿಂತ ಹೆಚ್ಚು ಬದುಕಲ್ಲ. ಹಿಂದಿನ ಮೂರು ದಿನ ತೊಟ್ಟ, ಹೊದ್ದ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ರಗ್ಗು, ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಂದು ವಾರ ಇಡಿ. ನೆಲ, ಗೋಡೆಗೆ ಕೀಟನಾಶಕ ಹೊಡೆಯೋದು ಪೂರ್ತಿ ವ್ಯರ್ಥ, ಮಕ್ಕಳಿರುವ ಮನೆಯಲ್ಲಿ ಅಪಾಯ ಕೂಡ.

ಅಂಗನವಾಡಿಗೆ ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ಎರಡೇ ತಿಂಗಳಲ್ಲಿ ಮಗಳು ಅದನ್ನೇ ವಾಪಸ್ ಮನೆಗೆ ತರ್ತಾಳೆ. ಮೊದಲ ಸಲ ಹುಳ ಹತ್ತಿದವರಿಗೆ ತುರಿಕೆ ಶುರುವಾಗೋದೇ 4–6 ವಾರಕ್ಕೆ, ಅಷ್ಟರೊಳಗೆ ಅವರು ಇನ್ನೊಬ್ಬರಿಗೆ ದಾಟಿಸಿರ್ತಾರೆ. ಮನೆಯಲ್ಲಿ ತುರಿಕೆ ಇಲ್ಲದವರೂ ಔಷಧ ತಗೋಬೇಕು ಅನ್ನೋದು ಇದಕ್ಕೇ.

ಔಷಧ ಕಪಾಟು:

ಮಾತ್ರೆ ವಿಷಯ ನಾನು ಹೇಳ್ತೀನಿ. ಎರಡೂ ಒಂದೇ ಅಲ್ಲ, ದಯವಿಟ್ಟು ವಾಪಸ್ ಕೊಟ್ಟು ಬರೀ ಐವರ್ಮೆಕ್ಟಿನ್ ತಗೊಳ್ಳಿ.

ಜೋಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ 6 ಮಿ.ಗ್ರಾಂ ಐವರ್ಮೆಕ್ಟಿನ್, 400 ಮಿ.ಗ್ರಾಂ ಅಲ್ಬೆಂಡಜೋಲ್ ಇರುತ್ತೆ. ಅಮ್ಮನವರಿಗೆ 12 ಮಿ.ಗ್ರಾಂ ಆಗಬೇಕಾದರೆ ಎರಡು ನುಂಗಬೇಕು, ಜೊತೆಗೆ 800 ಮಿ.ಗ್ರಾಂ ಅಲ್ಬೆಂಡಜೋಲ್ ಹೊಟ್ಟೆಗೆ ಹೋಯ್ತು. ಹೊಟ್ಟೆಹುಳಕ್ಕೆ ದೊಡ್ಡವರಿಗೂ 400 ಒಂದೇ ಸಲ ಸಾಕು. ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ ಶಾಲೆ, ಅಂಗನವಾಡಿಗಳಲ್ಲಿ ಚಪ್ಪರಿಸಲು ಕೊಡೋದು ಇದನ್ನೇ, ಒಂದರಿಂದ ಎರಡು ವರ್ಷದ ಮಗುವಿಗೆ ಅದರಲ್ಲಿ ಅರ್ಧ. ಅದು ಕರುಳಿನ ದುಂಡುಹುಳ, ಕೊಕ್ಕೆಹುಳಕ್ಕೆ ಒಳ್ಳೇ ಔಷಧ. ಕಜ್ಜಿಯ ಹುಳಕ್ಕೆ ಅದನ್ನು ನೆಚ್ಚಿಕೊಳ್ಳೋ ಹಾಗಿಲ್ಲ.

ಬೇಡದ ಔಷಧ ಹೋದರೇನಾಯ್ತು ಅಂತ ಕೇಳ್ತಾರೆ. ಗರ್ಭಿಣಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಅಲ್ಬೆಂಡಜೋಲ್ ಕೊಡೋ ಹಾಗಿಲ್ಲ. ಇನ್ನೊಂದು ದೊಡ್ಡ ಅಪಾಯ ಮಿದುಳಿನಲ್ಲಿ ಲಾಡಿಹುಳದ ಗಂಟು ಇರುವವರದ್ದು. ನಮ್ಮ ದೇಶದಲ್ಲಿ ದೊಡ್ಡ ವಯಸ್ಸಿನಲ್ಲಿ ಹೊಸದಾಗಿ ಫಿಟ್ಸ್ ಬರಲು ಇದೊಂದು ಮುಖ್ಯ ಕಾರಣ. ಅಲ್ಬೆಂಡಜೋಲ್ ಆ ಗಂಟಿನ ಹುಳವನ್ನು ಕೊಂದಾಗ ಸುತ್ತ ಊತ ಬಂದು ಫಿಟ್ಸ್ ಕೆರಳುತ್ತೆ. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್, ಫಿಟ್ಸ್ ಮಾತ್ರೆಯ ರಕ್ಷಣೆ ಕೊಟ್ಟು ಮಾಡುವ ಚಿಕಿತ್ಸೆ ಅದು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹಿಂದೆ ಫಿಟ್ಸ್ ಬಂದಿದ್ದರೆ, ಕಾರಣ ಗೊತ್ತಿಲ್ಲದ ತಲೆನೋವಿದ್ದರೆ ಮೊದಲೇ ಹೇಳಿ.

ಕೌಂಟರ್ ಮೇಲೆ ನೋಡಬೇಕಾದ್ದು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ, ಮುಂದಿನ ದೊಡ್ಡ ಹೆಸರಲ್ಲ. ಅಲ್ಲಿ ಒಂದೇ ಔಷಧದ ಹೆಸರು ಇರಬೇಕು. ಕ್ರೀಮಿಗೂ ಹಾಗೆಯೇ: ಪರ್ಮೆಥ್ರಿನ್ 5% ಅಂತಲೇ ಇರಬೇಕು. 1% ಇದ್ದರೆ ಅದು ತಲೆಹೇನಿಗೆ. ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಲೋಷನ್ ಕೊಟ್ಟರೆ ಬೇಡ ಅನ್ನಿ. ಚರ್ಮದ ಮೂಲಕ ಒಳಹೋಗಿ ಮಕ್ಕಳಲ್ಲಿ ಫಿಟ್ಸ್ ತರಿಸಿದ ಇತಿಹಾಸ ಅದಕ್ಕಿದೆ. ಇನ್ನು ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಹುಳುಕಡ್ಡಿ ಔಷಧ ಮೂರೂ ಸೇರಿದ ಕ್ರೀಮನ್ನಂತೂ ಮುಟ್ಟಬೇಡಿ. ಮೂರು ದಿನ ತುರಿಕೆ ಇಳಿದು ವಾಸಿಯಾದ ಹಾಗೆ ಕಾಣುತ್ತೆ, ಒಳಗೆ ಹುಳ ಹೆಚ್ಚುತ್ತಾ ಹೋಗುತ್ತೆ, ಆಮೇಲೆ ಡಾಕ್ಟರಿಗೂ ಗುರುತು ಸಿಗದಷ್ಟು ಚರ್ಮದ ಲಕ್ಷಣ ಬದಲಾಗಿರುತ್ತೆ.

ಸರಿಯಾದ ಡೋಸಿನಲ್ಲಿ ಐವರ್ಮೆಕ್ಟಿನ್ ಸಾಧು ಔಷಧ. ಸ್ವಲ್ಪ ತಲೆಸುತ್ತು, ವಾಕರಿಕೆ, ಬೇಧಿ, ಒಂದೆರಡು ದಿನ ಹೆಚ್ಚಿದ ತುರಿಕೆ, ಇಷ್ಟು ಬರಬಹುದು. ಮಾತ್ರೆ ತಗೊಂಡ ದಿನ ಬೈಕ್ ಹತ್ತುವ ಮೊದಲು ತಲೆಸುತ್ತು ಇದೆಯಾ ನೋಡಿಕೊಳ್ಳಿ. ಮುಖ ಊದಿ ಉಸಿರು ಕಟ್ಟಿದರೆ, ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿದರೆ, ಮಾತು ತೊದಲಿ ನಡಿಗೆ ತೂರಾಡಿದರೆ ತಕ್ಷಣ ಆಸ್ಪತ್ರೆ.

ಕೊರೋನಾ ಕಾಲದಲ್ಲಿ ತಂದ ಮಾತ್ರೆ ಇನ್ನೂ ಡಬ್ಬದಲ್ಲಿ ಇಟ್ಟುಕೊಂಡಿರುವ ಮನೆಗಳಿವೆ. ಅವಧಿ ಮುಗಿದಿದ್ದರೆ ಎಸೆಯಿರಿ. ಆ ಕಾಯಿಲೆಗೆ ಅದರಿಂದ ಪ್ರಯೋಜನ ಇಲ್ಲ ಅಂತ ದೊಡ್ಡ ಪ್ರಯೋಗಗಳು ತೋರಿಸಿ ಆಗಿದೆ, ನೆಗಡಿ ಜ್ವರಕ್ಕೆ ನುಂಗೋ ಔಷಧ ಇದಲ್ಲ.

ಪಶುವೈದ್ಯ, ಹಾವೇರಿ ಕಡೆ:

ದನದ ಇಂಜೆಕ್ಷನ್ ಕುಡಿಯೋದು ಬ್ಯಾಡ್ರೀ. ಔಷಧ ಒಂದೇ, ಬಾಟಲಿ ಒಂದೇ ಅಲ್ಲ.

ಲೆಕ್ಕ ನೋಡ್ರಿ. ದನದ ಬಾಟಲಿ ಸಾಮಾನ್ಯವಾಗಿ 1% ಇರ್ತದ, ಅಂದರೆ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ. 50 ಕೆ.ಜಿ. ತೂಕದ ಕರುವಿಗೆ 1 ಮಿ.ಲೀ. ಸಾಕು. ಅರ್ಧ ಮುಚ್ಚಳ 5 ಮಿ.ಲೀ. ಅಂತ ಹಿಡಿದರೂ 50 ಮಿ.ಗ್ರಾಂ ಆಯ್ತು, 66 ಕೆ.ಜಿ.ಯ ಮನುಷ್ಯನಿಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಮೀರಿತು. ನಿಮ್ಮ ಮಗಳಿಗೆ ಯಾರಾದರೂ ಒಂದು ಚಮಚ ಕುಡಿಸಿದರೆ ಹದಿನೈದು ಪಟ್ಟು ಮೀರುತ್ತದೆ. ಅದರ ಮೇಲೆ 3.15% ಬಾಟಲಿಯೂ ಇರ್ತದ, ದೀರ್ಘಕಾಲ ಕೆಲಸ ಮಾಡೋದು, 1 ಮಿ.ಲೀ.ನಲ್ಲಿ 31.5 ಮಿ.ಗ್ರಾಂ. ಮುಚ್ಚಳ ನೋಡಿದರೆ ವ್ಯತ್ಯಾಸ ತಿಳಿಯೋದಿಲ್ಲ.

ಮನುಷ್ಯನ ಮಿದುಳಿಗೆ ಈ ಔಷಧ ಹೋಗದಂತೆ ರಕ್ತನಾಳದ ಗೋಡೆಯಲ್ಲಿ ಒಂದು ಪಂಪು ಇರ್ತದ, ಒಳಗೆ ಬಂದದ್ದನ್ನು ಹೊರಗೆ ನೂಕತಾ ಇರ್ತದ. ಅಳತೆ ಮೀರಿದರೆ ಆ ಪಂಪು ಸೋಲತದ. ಆಗ ವಾಂತಿ, ಬಿಪಿ ಇಳಿಯೋದು, ಮಂಪರು, ಗೊಂದಲ, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪೋದು. ಇದಕ್ಕೆ ಪ್ರತಿವಿಷ ಇಲ್ಲ, ಇಳಿಯೋ ತನಕ ಆಸ್ಪತ್ರೆಯಲ್ಲಿ ಕಾಯೋದೇ. ಮತ್ತೆ ಆ ಇಂಜೆಕ್ಷನ್ನಿನ ದ್ರವ ಗ್ಲಿಸರಾಲ್ ಫಾರ್ಮಲ್, ಪ್ರೊಪಿಲೀನ್ ಗ್ಲೈಕಾಲ್. ದನದ ತೊಗಲಡಿ ಚುಚ್ಚಲು ಮಾಡಿದ್ದು, ಕುಡಿಯಲು ಅಲ್ಲ. ಎಣ್ಣೆಗೆ ಬೆರೆಸಿ ಸವರಿದರೆ ಎಷ್ಟು ಒಳಗೆ ಹೋಯ್ತು ಅನ್ನೋದಕ್ಕೆ ಅಳತೆಯೇ ಇಲ್ಲ. ಕೆರೆದು ಹುಣ್ಣಾದ ಮೈಯಲ್ಲಂತೂ ಹೆಚ್ಚು ಇಳೀತದ.

ನಾಯಿ. ಕಿವಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ತಿಕ್ಕಿ ನೋಡ್ರಿ. ಅದೇ ಬದಿಯ ಹಿಂಗಾಲು ತನ್ನಷ್ಟಕ್ಕೆ ಗಾಳಿಯಲ್ಲಿ ಕೆರೆಯಲು ಶುರು ಮಾಡಿದರೆ ನಾಯಿಕಜ್ಜಿ ಇರುವ ಸಂಭವ ಬಹಳ. ಮೊಣಕೈ, ಹೊಟ್ಟೆ ಕೆಳಗೂ ಹೊಟ್ಟು ಎದ್ದಿರ್ತದ. ಆದರೆ ನಿಮ್ಮ ಮನೆಯವರ ಕಜ್ಜಿ ಅದರದ್ದಲ್ಲ ಅನ್ನಿಸ್ತದ. ನಾಯಿಯ ಹುಳ ಮನುಷ್ಯನ ಮೈಗೆ ಹತ್ತಿದರೆ ನಾಯಿ ಎತ್ತಿಕೊಂಡ ಜಾಗದಲ್ಲಿ, ಮುಂಗೈ, ಹೊಟ್ಟೆ ಮೇಲೆ, ಕೆಂಪು ಗುಳ್ಳೆ ಏಳ್ತದ. ಅಲ್ಲಿ ಅದರ ಸಂತಾನ ಬೆಳೆಯೋದಿಲ್ಲ. ನಾಯಿಗೆ ಚಿಕಿತ್ಸೆಯಾದರೆ ಕೆಲವೇ ವಾರದಲ್ಲಿ ಹೋಗ್ತದ. ಆರು ಜನಕ್ಕೂ ಬಂದು ಡಾಕ್ಟರು ಖಚಿತ ಮಾಡಿದ್ದರೆ ಅದು ಮನುಷ್ಯನಿಂದ ಮನುಷ್ಯನಿಗೆ ಬಂದದ್ದು. ಆದರೂ ನಾಯಿಗೆ ಅದೇ ವಾರದಲ್ಲಿ ಚಿಕಿತ್ಸೆ ಮಾಡಿಸ್ರಿ.

ಅದಕ್ಕೂ ದನದ ಇಂಜೆಕ್ಷನ್ ಚುಚ್ಚಬ್ಯಾಡ್ರಿ. ಕೋಲಿ ಜಾತಿಯ ನಾಯಿಗಳಲ್ಲಿ, ಅವುಗಳ ಮಿಶ್ರತಳಿಗಳಲ್ಲಿ, ನಾನು ಮೇಲೆ ಹೇಳಿದ ಪಂಪಿನ ಜೀನ್ ಕೆಟ್ಟಿರ್ತದ. ಅಂಥವಕ್ಕೆ ಕಜ್ಜಿಗೆ ಹಾಕುವ ಡೋಸೇ ವಿಷ. ಕಣ್ಣಪಾಪೆ ಅಗಲಾಗಿ, ಜೊಲ್ಲು ಸುರಿದು, ನಡುಗಿ, ಕುರುಡಾಗಿ ಬೀಳ್ತಾವ. ಬೀದಿಯಿಂದ ತಂದ ನಾಯಿಯ ವಂಶ ಯಾರಿಗೆ ಗೊತ್ತು? ಈಗ ಫ್ಲುರಲಾನರ್, ಅಫಾಕ್ಸೊಲಾನರ್ ಮಾತ್ರೆಗಳು ಬಂದಿವೆ, ತೂಕ ನೋಡಿ ಕೊಟ್ಟರೆ ಕಜ್ಜಿ, ಉಣ್ಣಿ, ಚಿಗಟ ಎಲ್ಲ ಹೋಗ್ತದ. ಫಿಟ್ಸ್ ಬರೋ ನಾಯಿಯಾದರೆ ಮೊದಲು ತಿಳಿಸ್ರಿ, ಆ ಮಾತ್ರೆ ಅದಕ್ಕೆ ಸರಿಹೋಗೋದಿಲ್ಲ.

ಕರೆಯುವ ಆಕಳಿಗೆ ಐವರ್ಮೆಕ್ಟಿನ್ ಬ್ಯಾಡ. ಕೊಬ್ಬಿನಲ್ಲಿ ಸೇರಿ ವಾರಗಟ್ಟಲೆ ಹಾಲಿಗೆ ಇಳೀತಾ ಇರ್ತದ, ಹಾಲು ಕಾಯಿಸಿದರೆ ಹೋಗೋದಿಲ್ಲ. ಅದೇ ಹಾಲನ್ನು ನಿಮ್ಮ ಮಗಳು ಕುಡೀತಾಳ, ಡೇರಿಗೂ ಹೋಗ್ತದ. ಗಬ್ಬದ ಆಕಳಿಗೆ ಗಬ್ಬ ಇದೆ ಅನ್ನೋ ಕಾರಣಕ್ಕೆ ತೊಂದರೆ ಇಲ್ಲ, ಆದರೆ ಕರು ಹಾಕುವ ದಿನ ಹತ್ತಿರ ಇದ್ದರೆ ಗಿಣ್ಣದ ಹಾಲಿಗೆ ಬರ್ತದ. ಲೇಬಲ್ ಮೇಲೆ ಬರೆದಷ್ಟು ದಿನದ ಅಂತರ ಇರಲೇಬೇಕು.

ಹಾಕಿಸೋದಾದರೆ ತೂಕ ಕಣ್ಣಳತೆ ಬ್ಯಾಡ. ಎದೆಯ ಸುತ್ತಳತೆ ಇಂಚಿನಲ್ಲಿ ತಗೊಂಡು ಅದನ್ನು ಅದರಿಂದಲೇ ಗುಣಿಸ್ರಿ, ಭುಜದ ಮೂಳೆಯಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಗುಣಿಸ್ರಿ, 300ರಿಂದ ಭಾಗಿಸಿದರೆ ಪೌಂಡು, ಅದನ್ನು 2.2ರಿಂದ ಭಾಗಿಸಿದರೆ ಕೆ.ಜಿ. ಸುತ್ತಳತೆ 66, ಉದ್ದ 52 ಇದ್ದರೆ ಸುಮಾರು 343 ಕೆ.ಜಿ.; ಡೋಸ್ 7 ಮಿ.ಲೀ.ಗೆ ಸ್ವಲ್ಪ ಕಡಿಮೆ. ಭುಜದ ಹತ್ತಿರ ಸಡಿಲ ತೊಗಲನ್ನು ಎತ್ತಿ ಹಿಡಿದು ಅದರಡಿ ಚುಚ್ಚಬೇಕು, ಸ್ನಾಯುವಿಗಾಗಲಿ ನರಕ್ಕಾಗಲಿ ಅಲ್ಲ. ಕಡಿಮೆ ಡೋಸ್ ಹಾಕಿ ಹಾಕಿಯೇ ಔಷಧಕ್ಕೆ ಬಗ್ಗದ ಹುಳ, ಉಣ್ಣಿ ಬೆಳೆದಿರೋದು.

ಕರೆಯುವ ಆಕಳ ಉಣ್ಣಿಗೆ ಅಮಿಟ್ರಾಜ್ 12.5% ಲೀಟರ್ ನೀರಿಗೆ 2 ಮಿ.ಲೀ. ಬೆಳಗಿನ ಹಾಲು ಕರೆದ ಮೇಲೆ, ಬಿಸಿಲು ಏರುವ ಮೊದಲು, ಮೊದಲೇ ನೀರು ಕುಡಿಸಿ ಹೊಡೀರಿ. ಬಾಯಾರಿದ ದನ ಮೈ ನೆಕ್ಕತದ. ಕಿವಿಯ ಒಳಬದಿ, ಬಾಲದ ಬುಡ, ಕೆಚ್ಚಲ ಸಂದು ಬಿಡಬ್ಯಾಡ್ರಿ. ಸಂಜೆ ಕರೆಯುವ ಮೊದಲು ಕೆಚ್ಚಲು ಚೆನ್ನಾಗಿ ತೊಳೀರಿ. ನೀವು ಕೈಗವಸು, ಮುಖಕ್ಕೆ ಬಟ್ಟೆ ಹಾಕಿಕೊಳ್ಳಿ. ಉಣ್ಣಿ ಮೊಟ್ಟೆ ಇಡೋದು ಗೋಡೆಯ ಬಿರುಕಿನಲ್ಲಿ, ಅದಕ್ಕೇ ಬಿರುಕು ಮೆತ್ತದೆ ಬರೀ ದನಕ್ಕೆ ಹೊಡೆದರೆ ಎರಡು ಮೂರು ವಾರದಲ್ಲಿ ಮತ್ತೆ ಅಷ್ಟೇ ಉಣ್ಣಿ.

ಭೀಮಾತೀರ:

ಯಾದಗಿರಿ, ಕಲಬುರಗಿ ಕಡೆಯವರು ಓದ್ತಿದ್ದರೆ ಒಂದು ಮಾತು ಸೇರಿಸಬೇಕು. ಆನೆಕಾಲು ರೋಗಕ್ಕೆ ಮನೆಮನೆಗೆ ಬಂದು ನುಂಗಿಸುವ ಮೂರು ಔಷಧಗಳಲ್ಲಿ ಐವರ್ಮೆಕ್ಟಿನ್ ಒಂದು. ಉಳಿದೆರಡು ಡಿಇಸಿ (ಡೈಈಥೈಲ್ ಕಾರ್ಬಮಜಿನ್), ಅಲ್ಬೆಂಡಜೋಲ್. ದೇಶದಲ್ಲಿ ಮೂರು ಔಷಧದ ಈ ಪದ್ಧತಿ ಮೊದಮೊದಲು ಬಂದ ಜಿಲ್ಲೆಗಳಲ್ಲಿ ಯಾದಗಿರಿಯೂ ಸೇರಿತ್ತು. ಅಲ್ಲಿ ತಕ್ಕಡಿ ಬದಲು ಎತ್ತರ ಅಳೆಯುವ ಕೋಲು ಹಿಡಿದಿರ್ತಾರೆ: 90ರಿಂದ 119 ಸೆಂ.ಮೀ.ಗೆ 3 ಮಿ.ಗ್ರಾಂ ಮಾತ್ರೆ ಒಂದು, 140ರವರೆಗೆ ಎರಡು, 158ರವರೆಗೆ ಮೂರು, ಅದಕ್ಕೂ ಎತ್ತರಕ್ಕೆ ನಾಲ್ಕು. 90ಕ್ಕಿಂತ ಗಿಡ್ಡ ಮಕ್ಕಳಿಗೆ, 5 ವರ್ಷದೊಳಗಿನವರಿಗೆ ಐವರ್ಮೆಕ್ಟಿನ್ ಇಲ್ಲ. ಗರ್ಭಿಣಿಯರು, ತೀವ್ರ ಕಾಯಿಲೆಯವರು ಯಾವುದನ್ನೂ ತಗೊಳ್ಳೋ ಹಾಗಿಲ್ಲ.

ಮಾತ್ರೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ಮೈಕೈ ನೋವು ಬರುತ್ತೆ, ಊರಲ್ಲಿ ಗುಲ್ಲೆಬ್ಬುತ್ತೆ. ರಕ್ತದಲ್ಲಿದ್ದ ಸಣ್ಣ ಹುಳಗಳು ಸಾಯುವಾಗ ಆಗುವ ಪ್ರತಿಕ್ರಿಯೆ ಅದು, ಹುಳ ಇದ್ದವರಿಗೇ ಹೆಚ್ಚು. ಆಫ್ರಿಕಾದ ಕೆಲವು ಕಡೆ ಲೋವಾ ಲೋವಾ ಅನ್ನೋ ಹುಳ ರಕ್ತದಲ್ಲಿ ವಿಪರೀತ ಇರುವವರಿಗೆ ಐವರ್ಮೆಕ್ಟಿನ್ನಿಂದ ಮಿದುಳಿಗೆ ಪೆಟ್ಟು ಬಿದ್ದದ್ದುಂಟು. ಆ ಹುಳ ನಮ್ಮ ದೇಶದಲ್ಲಿಲ್ಲ.

ಕೆಲವರು ಆ ಮಾತ್ರೆ ತಗೊಂಡು ಕಜ್ಜಿ ಇಳಿಯಿತು ಅಂತಾರೆ. ಇಳಿಯುತ್ತೆ, ಪೂರ್ತಿ ಹೋಗಲ್ಲ, ಎರಡನೇ ಡೋಸ್ ಇಲ್ಲವಲ್ಲ. ಫಿಜಿ ದ್ವೀಪಗಳಲ್ಲಿ ಊರಿಗೆ ಊರೇ ಸೇರಿಸಿ ಐವರ್ಮೆಕ್ಟಿನ್ ಕೊಟ್ಟ ಪ್ರಯೋಗದಲ್ಲಿ ವರ್ಷದೊಳಗೆ ಕಜ್ಜಿ ನೂರಕ್ಕೆ 32 ಜನರಿಂದ 2 ಜನಕ್ಕೆ ಇಳಿಯಿತು. ಅಲ್ಲಿ ಕಜ್ಜಿ ಇದ್ದವರಿಗೆ ಎರಡನೇ ಡೋಸ್ ಕೊಟ್ಟಿದ್ದರು.

ಕೆರೆಏರಿ:

ಎಲ್ಲರಿಗೂ ಧನ್ಯವಾದ. ಆರೂ ಜನ ಹೋಗಿ ತೋರಿಸಿದೆವು. ನನಗೆ, ಅಮ್ಮನಿಗೆ ಬರೀ ಐವರ್ಮೆಕ್ಟಿನ್. ಉಳಿದವರಿಗೆ ಕ್ರೀಮ್, ಅಪ್ಪನಿಗೂ. ಎರಡೂ ಸುತ್ತು ಮುಗಿದು ಐದು ದಿನ. ರಾತ್ರಿ ನಿದ್ದೆ ಬರ್ತಿದೆ, ಆದರೆ ಅಮ್ಮನಿಗೆ ತುರಿಕೆ ಇನ್ನೂ ಇದೆ, ಮೂರನೇ ಸಲ ಮಾತ್ರೆ ಕೊಡಿ ಅಂತಿದ್ದಾರೆ. ಮಗಳ ಬೆರಳ ಸಂದಿಯಲ್ಲಿ ಎರಡು ಕಡೆ ಕೀವು, ಅದರ ಮೇಲೆ ಜೇನಿನ ಬಣ್ಣದ ಹಕ್ಕಳೆ.

ತ್ವಚೆ ವೈದ್ಯೆ:

ಮೂರನೇ ಸಲ ಮಾತ್ರೆ ಈಗ ಬೇಡ ಅಂತ ಅಮ್ಮನವರಿಗೆ ಹೇಳಿ. ಹುಳ ಸತ್ತ ಮೇಲೂ ಅದರ ಹೆಣ, ಹಿಕ್ಕೆ, ಮೊಟ್ಟೆಯ ಚಿಪ್ಪು ಚರ್ಮದೊಳಗೇ ಇರುತ್ತೆ. ಮೇಲ್ಪದರ ಉದುರಿ ಹೊಸದು ಬರುವ ತನಕ, 2ರಿಂದ 4 ವಾರ, ಅಲರ್ಜಿಯ ತುರಿಕೆ ಇರುತ್ತೆ. ಈ ಹಂತದಲ್ಲಿ ಜನ ಹೆದರಿ ಕ್ರೀಮನ್ನು ಪದೇ ಪದೇ ಹಚ್ಚಿ ಚರ್ಮ ಒಣಗಿಸಿಕೊಂಡು, ಆ ಉರಿಯನ್ನೇ ಕಜ್ಜಿ ಅಂದ್ಕೊಳ್ತಾರೆ. ಸ್ನಾನದ ನಂತರ ಕೊಬ್ಬರಿ ಎಣ್ಣೆ, ರಾತ್ರಿ ಒಂದು ಸೆಟಿರಿಜಿನ್ ಸಾಕು.

ಹುಳ ಉಳಿದಿದೆಯಾ ಅಂತ ತಿಳಿಯಲು ಹಳೆಯ ಗುಳ್ಳೆ ನೋಡಬೇಡಿ, ಹೊಸ ಸುರಂಗ ಹುಡುಕಿ. ಬೆಳಕಿನಲ್ಲಿ ಬೆರಳ ಸಂದಿ, ಮಣಿಕಟ್ಟಿನ ಒಳಬದಿಯನ್ನು ಓರೆಯಾಗಿ ಹಿಡಿದು ನೋಡಿದರೆ ಅರ್ಧದಿಂದ ಒಂದು ಸೆಂ.ಮೀ. ಉದ್ದದ, ಬೂದು ಬಣ್ಣದ ಸೊಟ್ಟ ಗೆರೆ, ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಅನುಮಾನ ಇದ್ದರೆ ಆ ಜಾಗಕ್ಕೆ ಇಂಕ್ ಪೆನ್ನಿನ ಶಾಯಿ ಸವರಿ, ಸ್ಪಿರಿಟ್ ಹತ್ತಿಯಿಂದ ಒರೆಸಿ. ಸುರಂಗ ಇದ್ದರೆ ಶಾಯಿ ಒಳಗಿಳಿದು ಗೆರೆ ಎದ್ದು ಕಾಣುತ್ತೆ. ನಾಲ್ಕು ವಾರ ದಾಟಿದ ಮೇಲೂ ಅಂಥ ಹೊಸ ಗೆರೆ ಕಂಡರೆ ಅಥವಾ ತುರಿಕೆ ಹೆಚ್ಚುತ್ತಲೇ ಇದ್ದರೆ ಮತ್ತೆ ತೋರಿಸಿ. ಆಗ ಮೊದಲು ಕೇಳುವ ಪ್ರಶ್ನೆ, ಮನೆಗೆ ಬಂದು ಮಲಗುವ ಯಾರಾದರೂ ಔಷಧ ತಗೊಳ್ಳದೆ ಉಳಿದರಾ ಅನ್ನೋದು.

ಮಗಳ ವಿಷಯ ಕಾಯಿಸಬೇಡಿ. ಜೇನಿನ ಬಣ್ಣದ ಹಕ್ಕಳೆ ಅಂದರೆ ಕೆರೆದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿದೆ, ಆ್ಯಂಟಿಬಯಾಟಿಕ್ ಬೇಕು, ಇವತ್ತೋ ನಾಳೆಯೋ ತೋರಿಸಿ. ಆ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಆಗಿದ್ದರೆ ಗಾಯಕ್ಕೆ ಸೋಂಕಾದ 3–6 ವಾರಕ್ಕೆ ಮೂತ್ರಪಿಂಡ ಊದಿಕೊಳ್ಳಬಹುದು. ಆದ್ದರಿಂದ ಮುಂದಿನ ಒಂದೂವರೆ ತಿಂಗಳು ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ಸುತ್ತ ಊತ ಇದೆಯಾ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆಯಾ, ಪ್ರಮಾಣ ಕಡಿಮೆಯಾಗಿದೆಯಾ ನೋಡ್ತಾ ಇರಿ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಕಜ್ಜಿ ಆಗಿತ್ತು, ಕೀವು ತುಂಬಿತ್ತು ಅಂತ ಅವರಿಗೆ ಹೇಳೋದನ್ನು ಮರೆಯಬೇಡಿ.